ಸಾಫ್ಟ್‌ವೇರ್ ಉದ್ಯಮ ಮತ್ತು ಸರ್ಕಾರ: ಜಮಾ-ಖರ್ಚಿನ ಲೆಕ್ಕ

ಸೇಡಂ, ಚಿತ್ತಾಪುರ, ಚಿಂಚೋಳಿ ಭಾಗದ ಹಿರಿಯ ವರ್ತಕರು ಸಿಮೆಂಟ್ ಪರ್ಮಿಟ್ಟಿನ ಕಾಲವನ್ನು ಮರೆತಿರಲಾರರು. ಕಾರ್ಖಾನೆ ವಾಡಿಯಲ್ಲೇ ಇದ್ದರೂ ಮನೆ ಕಟ್ಟುವವನು ಕೆಲವು ಚೀಲಗಳಿಗಾಗಿ ಕಚೇರಿಯ ಬಾಗಿಲು ಕಾಯಬೇಕಿತ್ತು. ಬೆಲೆಯನ್ನೂ ಹಂಚಿಕೆಯನ್ನೂ ಸರ್ಕಾರವೇ ನಿರ್ಧರಿಸುತ್ತಿತ್ತು. ಈ ನಿಯಂತ್ರಣ 1982ರಲ್ಲಿ ಭಾಗಶಃ ಸಡಿಲಗೊಂಡು 1989ರಲ್ಲಿ ಪೂರ್ಣವಾಗಿ ರದ್ದಾಯಿತು. ಅದೇ ದಶಕದಲ್ಲಿ ಸೇಡಂ, ಮಳಖೇಡಗಳಲ್ಲಿ ಹೊಸ ಕಾರ್ಖಾನೆಗಳು ತಲೆಯೆತ್ತಿದವು.

ಇಂದು ಇದೇ ತಾಲ್ಲೂಕುಗಳ ಮಕ್ಕಳು ಬೆಂಗಳೂರು, ಹೈದರಾಬಾದುಗಳಲ್ಲಿ ಸಾಫ್ಟ್‌ವೇರ್ ವೃತ್ತಿಯಲ್ಲಿದ್ದಾರೆ. "ನಮ್ಮ ಬುದ್ಧಿಯಿಂದ ಗಳಿಸಿದ್ದರಲ್ಲಿ ಸರ್ಕಾರಕ್ಕೆ ಪಾಲೇಕೆ?" ಎಂಬುದು ಅವರಲ್ಲಿ ಹಲವರ ಪ್ರಶ್ನೆ. ಇದರ ಹಿಂದೆ ಒಂದು ತತ್ತ್ವವಿದೆ. ಅಮೆರಿಕದ ತತ್ತ್ವಜ್ಞಾನಿ ರಾಬರ್ಟ್ ನೋಜಿಕ್ 1974ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಪ್ರಾಣ, ಆಸ್ತಿ ಮತ್ತು ಒಪ್ಪಂದಗಳ ರಕ್ಷಣೆಗಷ್ಟೇ ಪ್ರಭುತ್ವ ಸೀಮಿತವಾಗಿರಬೇಕೆಂದು ವಾದಿಸಿದರು. ಇದು ಲಿಬರ್ಟೇರಿಯನ್ ವಾದ, ಅಂದರೆ ವ್ಯಕ್ತಿಸ್ವಾತಂತ್ರ್ಯವಾದ. ಬಂಡವಾಳ, ತಂತ್ರಜ್ಞಾನ, ಉದ್ಯೋಗಗಳಿಗೆ ಸರ್ಕಾರವೇ ದಿಕ್ಕು ತೋರಬೇಕೆಂಬುದು ಇದಕ್ಕೆ ಎದುರಾದ ಪ್ರಭುತ್ವವಾದ. ಎರಡನ್ನೂ ಲೆಕ್ಕಪತ್ರದಲ್ಲಿಟ್ಟು ನೋಡುವುದು ಒಳಿತು.

ಮೊದಲು ಖರ್ಚಿನ ಬದಿ. 1981ರಲ್ಲಿ ಆರಂಭವಾದ ಇನ್ಫೋಸಿಸ್ ಸಂಸ್ಥೆಗೆ ಒಂದು ಕಂಪ್ಯೂಟರನ್ನು ಆಮದು ಮಾಡಿಕೊಳ್ಳಲು ದೆಹಲಿಗೆ ಅನೇಕ ಬಾರಿ ಅಲೆಯಬೇಕಾಯಿತೆಂದು ಎನ್.ಆರ್. ನಾರಾಯಣಮೂರ್ತಿಯವರು ಹೇಳಿಕೊಂಡಿದ್ದಾರೆ. ಸಿಮೆಂಟ್ ಚೀಲದ ಕಥೆಯೇ ಇಲ್ಲಿಯೂ ನಡೆದಿತ್ತು.

ಇನ್ನು ಜಮಾ ಬದಿ. 1991ರಲ್ಲಿ ಕೇಂದ್ರ ಸರ್ಕಾರ ಸ್ಥಾಪಿಸಿದ ಭಾರತೀಯ ಸಾಫ್ಟ್‌ವೇರ್ ತಂತ್ರಜ್ಞಾನ ಪಾರ್ಕ್ ಸಂಸ್ಥೆಯು ಉಪಗ್ರಹ ಸಂಪರ್ಕ ಒದಗಿಸಿದ್ದರಿಂದ ಸಣ್ಣ ಕಂಪನಿಗಳೂ ಹೊರದೇಶಕ್ಕೆ ಕೆಲಸ ಕಳುಹಿಸುವಂತಾಯಿತು. ಆದಾಯ ತೆರಿಗೆ ಕಾಯಿದೆಯ 10ಎ ಕಲಮಿನ ರಿಯಾಯಿತಿ 2011ರ ಮಾರ್ಚ್ 31ರವರೆಗೆ ದೊರೆಯಿತು. ಸಂವಿಧಾನದ 371ಜೆ ವಿಧಿಯು ನಮ್ಮ ಭಾಗದ ವಿದ್ಯಾರ್ಥಿಗಳಿಗೆ ವೃತ್ತಿ ಶಿಕ್ಷಣದಲ್ಲಿ ಮೀಸಲು ಸ್ಥಾನಗಳಿಗೆ ದಾರಿ ಮಾಡಿತು. ಹೀಗಿರುವಾಗ ಗಳಿಕೆಯೆಲ್ಲ ಕೇವಲ ಸ್ವಂತ ಬುದ್ಧಿಯದೆಂದರೆ ಲೆಕ್ಕ ತಾಳೆಯಾಗದು.

ಹಾಗೆಂದು ಸರ್ಕಾರದ ಪ್ರತಿ ಹೆಜ್ಜೆಯನ್ನೂ ಒಪ್ಪಬೇಕಿಲ್ಲ. 2024ರ ಜುಲೈನಲ್ಲಿ ಖಾಸಗಿ ಉದ್ಯೋಗಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ನೀಡುವ ಮಸೂದೆಗೆ ರಾಜ್ಯ ಸಂಪುಟ ಒಪ್ಪಿಗೆ ನೀಡಿತು. ಉದ್ಯಮಗಳ ತೀವ್ರ ವಿರೋಧದಿಂದ ಅದನ್ನು ತಡೆಹಿಡಿಯಲಾಯಿತು. ನಮ್ಮ ಮಕ್ಕಳಿಗೆ ಕೆಲಸ ಸಿಗಲೆಂಬ ಉದ್ದೇಶವನ್ನು ಯಾರೂ ಅಲ್ಲಗಳೆಯರು. ಆದರೆ ಯಾರನ್ನು ನೇಮಿಸಿಕೊಳ್ಳಬೇಕೆಂದು ಕಚೇರಿ ಹೇಳತೊಡಗಿದರೆ ಪರ್ಮಿಟ್ಟಿನ ಕಾಲ ಬೇರೊಂದು ವೇಷದಲ್ಲಿ ಮರಳುತ್ತದೆ. ಉದ್ಯಮವೇ ಬೇರೆ ಊರಿಗೆ ಹೋದರೆ ಮೀಸಲಿಡಲು ಉಳಿಯುವುದೇನು?

ವರ್ತಕರಾದ ನಾವೂ ಆತ್ಮಪರೀಕ್ಷೆ ಮಾಡಿಕೊಳ್ಳಬೇಕು. ಒಂದೇ ಮನವಿಪತ್ರದಲ್ಲಿ ರಿಯಾಯಿತಿಯನ್ನೂ ಬೇಡಿ, ಹಸ್ತಕ್ಷೇಪ ಬೇಡವೆಂದೂ ಬರೆಯುವುದು ವಾಡಿಕೆ. ಅದಕ್ಕೆ ಬದಲಾಗಿ ಒಂದೇ ಒರೆಗಲ್ಲು ಸಾಕು: ಸರ್ಕಾರ ಎಲ್ಲರೂ ನಡೆಯುವ ದಾರಿಯನ್ನು ಹಾಕುತ್ತಿದೆಯೇ, ಅಥವಾ ದಾರಿಗೆ ಅಡ್ಡವಾಗಿ ಗೇಟು ಹಾಕುತ್ತಿದೆಯೇ? ವಾಡಿ ಜಂಕ್ಷನ್ ಮೊದಲನೆಯದು, ಸಿಮೆಂಟ್ ಪರ್ಮಿಟ್ ಎರಡನೆಯದು.

ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಜಾಲ ಒದಗಿಸುವ ಯೋಜನೆಗೆ 2011ರಲ್ಲೇ ಕೇಂದ್ರ ಸರ್ಕಾರ ಒಪ್ಪಿಗೆ ನೀಡಿತು. ಮಾರುಕಟ್ಟೆ ತಾನಾಗಿ ಬೇಗ ಬಾರದ ಹಳ್ಳಿಗಳಿಗೆ ಇಂತಹ ದಾರಿ ಅಗತ್ಯ. ಚಿಂಚೋಳಿಯ ಮನೆಯಲ್ಲಿ ಕುಳಿತೇ ಯುವಕನೊಬ್ಬ ಪರದೇಶದ ಗ್ರಾಹಕನಿಗೆ ಕೋಡ್ ಬರೆದುಕೊಡಬೇಕಾದರೆ ಕಡಿಯದ ವಿದ್ಯುತ್ತೂ, ನಿಲ್ಲದ ಇಂಟರ್ನೆಟ್ಟೂ ಬೇಕು. ಅವನ್ನು ಕೇಳೋಣ. ಬರೆಯುವ ಕೆಲಸವನ್ನು ಅವನಿಗೇ ಬಿಡೋಣ.