ಬೈಕ್ ಒಬ್ಬರದು, ಬ್ರೇಕ್ ಮತ್ತೊಬ್ಬರದು

ಪೆಟ್ರೋಲ್ ಬೈಕ್ ಓಡಿಸಿ ರೂಢಿಯಾದವರು ಎಲೆಕ್ಟ್ರಿಕ್ ಬೈಕ್ ಏರಿದಾಗ ಮೊದಲು ಗಮನಿಸುವುದು ಸದ್ದಿಲ್ಲದಿರುವುದನ್ನು. ಎರಡನೆಯದು, ಆಕ್ಸಿಲರೇಟರ್ ಬಿಟ್ಟ ಕೂಡಲೇ ಬೈಕ್ ತಾನಾಗಿಯೇ ನಿಧಾನವಾಗುವುದನ್ನು. ಆಗ ಮೋಟಾರು ಜನರೇಟರ್‌ನಂತೆ ಕೆಲಸ ಮಾಡಿ ಒಂದಿಷ್ಟು ವಿದ್ಯುತ್ತನ್ನು ಬ್ಯಾಟರಿಗೆ ಮರಳಿಸುತ್ತದೆ. ಇದೇ ರೀಜನರೇಟಿವ್ ಬ್ರೇಕಿಂಗ್. ಒಣ ರಸ್ತೆಯಲ್ಲಿ ಇದು ವರ. ಮಳೆ ಬಿದ್ದು ಕೆಸರಾದ ತಿರುವಿನಲ್ಲಿ ಇದೇ ಎಳೆತ ಹಿಂದಿನ ಚಕ್ರದ ಹಿಡಿತ ತಪ್ಪಿಸಬಹುದು.

ಅಂಥ ಹೊತ್ತಿನಲ್ಲಿ ಕೈ ಹಿಡಿಯಬೇಕಾದದ್ದು ಎಬಿಎಸ್. ಚಕ್ರ ಲಾಕ್ ಆಗುತ್ತಿದೆ ಎಂದು ಸೆನ್ಸರ್ ಹೇಳಿದ ತಕ್ಷಣ ಅದು ಬ್ರೇಕಿನ ಒತ್ತಡವನ್ನು ಸಡಿಲಿಸಿ, ಮತ್ತೆ ಬಿಗಿಗೊಳಿಸುತ್ತದೆ. ಆದರೆ ಎಲೆಕ್ಟ್ರಿಕ್ ಬೈಕಿನಲ್ಲಿ ಬ್ರೇಕ್ ಸಡಿಲಿಸಿದರಷ್ಟೇ ಸಾಲದು, ಮೋಟಾರು ಕೂಡ ತನ್ನ ಎಳೆತ ಬಿಡಬೇಕು. ಸಾಮಾನ್ಯವಾಗಿ ಎಬಿಎಸ್ ತಯಾರಿಸಿದ ಕಂಪನಿ ಒಂದು, ಮೋಟಾರನ್ನು ನಿಯಂತ್ರಿಸುವ ಸಾಫ್ಟ್‌ವೇರ್ ಬರೆದ ಕಂಪನಿ ಇನ್ನೊಂದು. ಈ ಎರಡು ಪೆಟ್ಟಿಗೆಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಮಾತಾಡಿಕೊಂಡು ಒಮ್ಮತಕ್ಕೆ ಬರಬೇಕು. ಸವಾರನ ಜೀವ ಆ ಮಾತುಕತೆಯ ಮೇಲೆ ನಿಂತಿರುತ್ತದೆ.

ಎಲ್ಲವನ್ನೂ ಸ್ಟಾರ್ಟ್‌ಅಪ್ ತಾನೇ ಮಾಡಿಕೊಳ್ಳಬಾರದೇಕೆ? ಉತ್ತರ ಇತಿಹಾಸದಲ್ಲಿದೆ. ಬಿಎಂಡಬ್ಲ್ಯು ತನ್ನ ಕೆ100 ಬೈಕಿಗೆ ಎಲೆಕ್ಟ್ರಾನಿಕ್ ಎಬಿಎಸ್ ಅಳವಡಿಸಿದ್ದು 1988ರಲ್ಲಿ. ತಿರುವಿನಲ್ಲಿ ಬೈಕ್ ಎಷ್ಟು ವಾಲಿದೆ ಎಂದು ಅಳೆದು, ಅದಕ್ಕೆ ತಕ್ಕಂತೆ ಬ್ರೇಕ್ ಹೊಂದಿಸುವ ಬಾಷ್ ಕಂಪನಿಯ ಸ್ಟೆಬಿಲಿಟಿ ಕಂಟ್ರೋಲ್ ಮಾರುಕಟ್ಟೆಗೆ ಬಂದದ್ದು 2013ರಲ್ಲಿ. ನಡುವೆ ಇಪ್ಪತ್ತೈದು ವರ್ಷಗಳ ಪರೀಕ್ಷೆ, ಸೋಲು, ತಿದ್ದುಪಡಿ. ಹೂಡಿಕೆದಾರರಿಗೆ ಲೆಕ್ಕ ಕೊಡಬೇಕಾದ ಹೊಸ ಕಂಪನಿಗೆ ಅಷ್ಟು ಕಾಲವೂ ಇಲ್ಲ, ಕಾಸೂ ಇಲ್ಲ. ಹಾಗಾಗಿ ಅದು ಬಲ್ಲವರ ಕೈ ಹಿಡಿಯುತ್ತದೆ.

ಕ್ಯಾಲಿಫೋರ್ನಿಯಾದ ಝೀರೋ ಮೋಟರ್‌ಸೈಕಲ್ಸ್ ಮಾಡಿದ್ದು ಇದನ್ನೇ. 2019ರಲ್ಲಿ ಬಂದ ಅದರ ಎಸ್‌ಆರ್/ಎಫ್ ಬೈಕಿನಲ್ಲಿ ಬಾಷ್‌ನ ಇದೇ ಸ್ಟೆಬಿಲಿಟಿ ಕಂಟ್ರೋಲ್ ಇತ್ತು. ಮೋಟಾರು, ಬ್ಯಾಟರಿಯ ಜಾಣತನ ಝೀರೋದ್ದು; ಚಕ್ರದ ಹಿಡಿತ ಕಾಯುವ ಅನುಭವ ಬಾಷ್‌ನದು. 2022ರಲ್ಲಿ ನಮ್ಮ ಹೀರೋ ಮೋಟೊಕಾರ್ಪ್ ಈ ಝೀರೋದಲ್ಲಿ 6 ಕೋಟಿ ಡಾಲರ್‌ವರೆಗೆ ಹೂಡಲು ಮುಂದಾಯಿತು.

ಬೆಂಗಳೂರಿನ ಅಲ್ಟ್ರಾವಯೊಲೆಟ್ ಕೂಡ ಇದೇ ದಾರಿ ಹಿಡಿದ ಕಂಪನಿ. ನಾರಾಯಣ್ ಸುಬ್ರಮಣಿಯಮ್ ಮತ್ತು ನೀರಜ್ ರಾಜ್‌ಮೋಹನ್ ಎಂಬ ಗೆಳೆಯರು ಕಟ್ಟಿದ ಈ ಸಂಸ್ಥೆಗೆ ಟಿವಿಎಸ್ ಮೋಟಾರ್ ಮತ್ತು ಚಿಪ್ ತಯಾರಕ ಕ್ವಾಲ್ಕಾಮ್‌ನ ಹೂಡಿಕೆ ವಿಭಾಗ ಬೆಂಬಲವಾಗಿ ನಿಂತಿವೆ. ಬ್ಯಾಟರಿ ಪ್ಯಾಕ್ ಇವರದೇ ವಿನ್ಯಾಸ, ಎಬಿಎಸ್ ಬಾಷ್‌ನದು. ಎಫ್77 ಬೈಕನ್ನು ಜನರ ಮುಂದಿಟ್ಟದ್ದು 2019ರ ನವೆಂಬರ್‌ನಲ್ಲಿ. ಅದು ಮಾರುಕಟ್ಟೆಗೆ ಬಂದದ್ದು 2022ರ ನವೆಂಬರ್‌ನಲ್ಲಿ. 2025ರಲ್ಲಿ ಬಂದ ಎಕ್ಸ್47 ಬೈಕಿನ ಹಿಂಬದಿಯಲ್ಲಿ ರಾಡಾರ್ ಇದೆ. ಕನ್ನಡಿಯಲ್ಲಿ ಕಾಣದ ವಾಹನ ಹಿಂದಿನಿಂದ ನುಗ್ಗಿ ಬಂದರೆ ಅದು ಸವಾರನನ್ನು ಎಚ್ಚರಿಸುತ್ತದೆ.

ಹಾಗೆಂದು ದೊಡ್ಡ ಹೆಸರಿನ ಜೊತೆ ಒಪ್ಪಂದವಾದರೆ ಗೆದ್ದಂತೆಯೇ? ಅಲ್ಲ. ಕೆನಡಾದ ಡೇಮನ್ 2020ರಲ್ಲಿ ಬ್ಲ್ಯಾಕ್‌ಬೆರಿಯ ಕ್ಯುಎನ್‌ಎಕ್ಸ್ ಸಾಫ್ಟ್‌ವೇರ್ ಆಧರಿಸಿದ ಹೈಪರ್‌ಸ್ಪೋರ್ಟ್ ಬೈಕನ್ನು ಘೋಷಿಸಿ ಸುದ್ದಿಯಾಯಿತು. ರಾಡಾರ್ ಮತ್ತು ಕ್ಯಾಮೆರಾ ಅಪಾಯವನ್ನು ಗ್ರಹಿಸಿದರೆ ಹ್ಯಾಂಡಲ್ ಕಂಪಿಸಿ ಎಚ್ಚರಿಸುವ ಯೋಜನೆ ಅದು. ಕ್ಯುಎನ್‌ಎಕ್ಸ್‌ನ ವಿಶೇಷವೆಂದರೆ ಒಂದು ಭಾಗ ಕೆಟ್ಟು ನಿಂತರೂ ಉಳಿದ ಭಾಗಗಳು ಕೆಲಸ ಮುಂದುವರಿಸುವುದು. ಸಾಫ್ಟ್‌ವೇರ್ ಗಟ್ಟಿಯಾಗಿತ್ತು, ಕಲ್ಪನೆ ಚೆನ್ನಾಗಿತ್ತು. ಆದರೆ ಹೇಳಿದ ಹೊತ್ತಿಗೆ ಬೈಕ್ ಗ್ರಾಹಕರ ಮನೆ ಸೇರಲಿಲ್ಲ. ಒಪ್ಪಂದ ಬಿಡಿಭಾಗ ಕೊಡಿಸಬಹುದು. ಬಿಡಿಭಾಗಗಳನ್ನು ಒಂದಾಗಿಸಿ ಬೈಕನ್ನು ರಸ್ತೆಗಿಳಿಸುವ ಕೆಲಸವನ್ನು ಯಾರೂ ಮಾಡಿಕೊಡುವುದಿಲ್ಲ.

ಪಾಲುದಾರರು ಹೆಚ್ಚಾದಷ್ಟೂ ಹೊಣೆ ಹಂಚಿಹೋಗುವ ಅಪಾಯವೂ ಇದೆ. ‘ಆಳು ಮೇಲೆ ಆಳು ಬಿದ್ದು ದೋಣಿ ಬರಿದಾಯ್ತು’ ಎಂಬ ಗಾದೆ ಇಲ್ಲಿಗೂ ಸಲ್ಲುತ್ತದೆ. ‘ನಮ್ಮ ಪೆಟ್ಟಿಗೆ ಸರಿಯಾಗಿದೆ’ ಎಂದು ಇಬ್ಬರೂ ಪ್ರಮಾಣ ಮಾಡಿದರೂ, ಎರಡರ ನಡುವಿನ ಸಂದೇಶ ತಡವಾಗಿ ತಲುಪಿದರೆ ಬೀಳುವವನು ಸವಾರ. 2022ರಲ್ಲಿ ನಮ್ಮ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1.68 ಲಕ್ಷ ಮಂದಿ. ಅವರಲ್ಲಿ ಶೇ 44ಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನದಲ್ಲಿದ್ದವರು. ಹೀಗಿರುವಾಗ ‘ಅದು ನಮ್ಮ ಭಾಗವಲ್ಲ’ ಎಂಬ ಮಾತಿಗೆ ಜಾಗವೇ ಇಲ್ಲ.

ಕೆಲಸ ಹುಡುಕುತ್ತಿರುವ ನಮ್ಮಂಥವರು ಗಮನಿಸಬೇಕಾದದ್ದು ಈ ‘ನಡುವಿನ ಜಾಗ’ವನ್ನೇ. ಎಲೆಕ್ಟ್ರಿಕ್ ವಾಹನ ಎಂದರೆ ಬ್ಯಾಟರಿ ಅಥವಾ ಡಿಸೈನ್ ಮಾತ್ರ ಎಂದು ಅನೇಕರು ಭಾವಿಸುತ್ತಾರೆ. ಎರಡು ಕಂಪನಿಗಳ ಯಂತ್ರಗಳನ್ನು ಹೊಂದಿಸುವ, ಪರೀಕ್ಷಿಸುವ, ತಪ್ಪು ಹುಡುಕುವ ಕೈಗಳೂ ಅಷ್ಟೇ ಬೇಕು. ಎಲೆಕ್ಟ್ರಾನಿಕ್ಸ್ ಅಥವಾ ಕಂಪ್ಯೂಟರ್ ಸೈನ್ಸ್ ಓದುತ್ತಿರುವವರು ಎಂಬೆಡೆಡ್ ಸಿ ಜೊತೆಗೆ ಕ್ಯಾನ್ ಬಸ್ ಕಲಿಯಬಹುದು. ವಾಹನದೊಳಗಿನ ಪೆಟ್ಟಿಗೆಗಳು ಮಾತಾಡಲು ಬಳಸುವ, 1986ರಲ್ಲಿ ಬಾಷ್ ಪರಿಚಯಿಸಿದ ಭಾಷೆ ಇದು. ವಾಹನ ಸುರಕ್ಷತೆಯ ಮಾನದಂಡವಾದ ಐಎಸ್‌ಒ 26262 ತನ್ನ 2018ರ ಆವೃತ್ತಿಯಲ್ಲಿ ಮೋಟರ್‌ಸೈಕಲ್‌ಗಳನ್ನೂ ಒಳಗೊಂಡಿದೆ. ಅದರ ಪರಿಚಯವಿದ್ದರೆ ಸಂದರ್ಶನದಲ್ಲಿ ಒಂದು ಹೆಜ್ಜೆ ಮುಂದಿರುತ್ತೀರಿ. ಮೆಕ್ಯಾನಿಕಲ್, ಡಿಪ್ಲೊಮಾ ಓದಿದವರಿಗೆ ಬ್ರೇಕ್ ಪರೀಕ್ಷೆ, ವೈರಿಂಗ್, ಸರ್ವಿಸ್ ವಿಭಾಗಗಳಿವೆ. ಕಾಲೇಜಿನಲ್ಲಿರುವಾಗಲೇ ಫಾರ್ಮುಲಾ ಭಾರತ್, ಇ-ಬಾಹಾದಂಥ ಸ್ಪರ್ಧೆಗಳಲ್ಲಿ ತಂಡ ಕಟ್ಟಿದರೆ ಇನ್ನೊಬ್ಬರು ಮಾಡಿದ ಭಾಗಕ್ಕೆ ನಮ್ಮ ಭಾಗ ಜೋಡಿಸುವ ಕಷ್ಟ ಏನೆಂದು ಕೈಯಾರೆ ತಿಳಿಯುತ್ತದೆ.

ಮುಂದಿನ ಸಲ ಯಾವುದಾದರೂ ಸ್ಟಾರ್ಟ್‌ಅಪ್ ದೊಡ್ಡ ಕಂಪನಿಯೊಂದಿಗೆ ಕೈಜೋಡಿಸಿದ ಸುದ್ದಿ ಓದಿದಾಗ ಎಷ್ಟು ಕೋಟಿ ಎಂದು ಮಾತ್ರ ನೋಡಬೇಡಿ. ಎರಡೂ ಕಡೆಯ ಯಂತ್ರಗಳನ್ನು ಒಟ್ಟಿಗೆ ಪರೀಕ್ಷಿಸುವವರು ಯಾರು, ಎಡವಟ್ಟಾದರೆ ಹೊಣೆ ಹೊರುವವರು ಯಾರು ಎಂದು ಹುಡುಕಿ. ಬೈಕ್ ಕೊಳ್ಳುವವರಿಗೆ ಅದು ಸುರಕ್ಷತೆಯ ಪ್ರಶ್ನೆ. ಕೆಲಸ ಬಯಸುವವರಿಗೆ ಅಲ್ಲಿಯೇ ಒಂದು ಕುರ್ಚಿ ಖಾಲಿ ಇರಬಹುದು.