ಬೆಕ್ಕಿನ ಮರಿ ಮನೆಗೆ ಬರುವ ಮುನ್ನ: ವರ್ತಕ ಕುಟುಂಬಗಳು ಹೊಂದಿಸಿಕೊಳ್ಳಬೇಕಾದ ಸಾಮಗ್ರಿಗಳು

ವಿಜಯನಗರದ ರಾಜಧಾನಿಯಲ್ಲಿ ಇಲಿಗಳ ಕಾಟ ಮಿತಿಮೀರಿದಾಗ ಕೃಷ್ಣದೇವರಾಯನು ಮನೆಗೊಂದು ಬೆಕ್ಕಿನ ಮರಿಯನ್ನೂ ಅದಕ್ಕೆ ಹಾಲೂಡಲು ಒಂದು ಹಸುವನ್ನೂ ಹಂಚಿದನೆಂಬ ತೆನಾಲಿ ರಾಮಕೃಷ್ಣನ ಕಥೆ ಹಂಪಿ, ಕಂಪ್ಲಿ ಸೀಮೆಯಲ್ಲಿ ಮನೆಮಾತು. ಕುದಿಯುವ ಹಾಲಿಗೆ ಬಾಯಿಟ್ಟು ಬೆದರಿದ ರಾಮಕೃಷ್ಣನ ಬೆಕ್ಕು ಹಾಲು ಕಂಡೊಡನೆ ಓಟ ಕೀಳುತ್ತಿತ್ತು ಎಂಬುದು ಕಥೆಯ ವಿನೋದ. ವ್ಯಾಪಾರಿಯ ದೃಷ್ಟಿಯಿಂದ ನೋಡಿದರೆ ಅದರಲ್ಲಿ ಮತ್ತೊಂದು ಸಂಗತಿ ಅಡಗಿದೆ. ಮರಿಯನ್ನು ಕೊಡುವುದರ ಜೊತೆಗೇ ಅದರ ಪೋಷಣೆಯ ಏರ್ಪಾಡನ್ನೂ ಅರಸನು ಮಾಡಿದ್ದನು. ಇಂದು ಮರಿ ತರುವವರಲ್ಲಿ ಅನೇಕರು ಈ ಎರಡನೆಯ ಕೆಲಸವನ್ನು ಮುಂದೂಡುತ್ತಾರೆ. ಮರಿ ಮನೆ ಸೇರಿದ ಮೇಲೆ ತಟ್ಟೆ, ಬುಟ್ಟಿ, ಆಹಾರಗಳ ಹುಡುಕಾಟ ಆರಂಭವಾಗುತ್ತದೆ.

ತುಂಗಭದ್ರೆಯ ದಂಡೆಯ ಮೇಲಿರುವ ಕಂಪ್ಲಿ ಭತ್ತದ ನಾಡು. ಅಕ್ಕಿ ಗಿರಣಿ, ಕಿರಾಣಿ ಅಂಗಡಿ, ಗೊಬ್ಬರ ಮತ್ತು ಕ್ರಿಮಿನಾಶಕದ ಮಳಿಗೆ, ಗೋಣಿಚೀಲದ ವ್ಯಾಪಾರ ಇವೆಲ್ಲ ಧಾನ್ಯವನ್ನು ನಂಬಿದ ವೃತ್ತಿಗಳು. ಧಾನ್ಯವಿದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಬೆಕ್ಕು. ಆದರೆ ಮನೆ ಮತ್ತು ವ್ಯಾಪಾರ ಒಂದೇ ಆವರಣದಲ್ಲಿರುವ ಕುಟುಂಬಕ್ಕೆ ಬರುವ ಮರಿಯ ಸ್ಥಿತಿ ಇತರ ಮನೆಗಳಲ್ಲಿನ ಮರಿಯ ಸ್ಥಿತಿಯಂತಲ್ಲ. ವ್ಯಾಪಾರದ ಸರಕೇ ಅದರ ಪ್ರಾಣಕ್ಕೆ ಎರವಾಗಬಹುದು. ಆದ್ದರಿಂದ ಇಂತಹ ಮನೆಗಳಲ್ಲಿ ಕೊಳ್ಳಬೇಕಾದ ವಸ್ತುಗಳ ಪಟ್ಟಿಗಿಂತ ಮೊದಲು ತೆಗೆದಿಡಬೇಕಾದ ವಸ್ತುಗಳ ಪಟ್ಟಿ ಸಿದ್ಧವಾಗಬೇಕು.

ಬೆಕ್ಕಿನ ಸ್ಥಾನ ಎಲ್ಲಿ?

ಮರಿಯನ್ನು ಗಿರಣಿಯ ಕಾವಲಿಗೆಂದು ತರುವವರು ಎರಡು ವಿಷಯಗಳನ್ನು ತಿಳಿದಿರಬೇಕು. ಮೊದಲನೆಯದು ಕಾನೂನು. 2011ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪರವಾನಗಿ ವಿನಿಯಮಗಳ 4ನೇ ಅನುಸೂಚಿಯ ಪ್ರಕಾರ ಆಹಾರ ತಯಾರಿಕೆಯ ಸ್ಥಳದೊಳಗೆ ಪ್ರಾಣಿ, ಪಕ್ಷಿ, ಸಾಕುಪ್ರಾಣಿಗಳಿಗೆ ಪ್ರವೇಶವಿಲ್ಲ. ಅಕ್ಕಿ ಗಿರಣಿಯೂ ಈ ನಿಯಮಕ್ಕೆ ಒಳಪಟ್ಟಿದೆ. ಅಕ್ಕಿಯ ರಾಶಿಯ ಮೇಲೆ ಬೆಕ್ಕು ಮಲಗಿರುವುದು ತಪಾಸಣೆಗೆ ಬಂದ ಅಧಿಕಾರಿಯ ಕಣ್ಣಿಗೆ ಬಿದ್ದರೆ ಪರವಾನಗಿದಾರನೇ ಉತ್ತರ ಹೇಳಬೇಕಾಗುತ್ತದೆ.

ಎರಡನೆಯದು ಬೆಕ್ಕಿನ ಸಾಮರ್ಥ್ಯ. ನ್ಯೂಯಾರ್ಕಿನ ತ್ಯಾಜ್ಯ ಸಂಸ್ಕರಣಾ ಕೇಂದ್ರವೊಂದರಲ್ಲಿ ಕ್ಯಾಮೆರಾಗಳನ್ನಿಟ್ಟು ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 79 ದಿನಗಳ ಚಿತ್ರೀಕರಣದಲ್ಲಿ ಬೆಕ್ಕುಗಳು ಕೊಂದ ದೊಡ್ಡ ಇಲಿಗಳು ಕೇವಲ 2. ಬೆಕ್ಕು ಸುಳಿದಾಡಿದಾಗ ಇಲಿಗಳು ಬಿಲ ಬಿಟ್ಟು ಹೊರಬರುವುದು ಕಡಿಮೆಯಾಯಿತೇ ಹೊರತು ಅವು ನಾಶವಾಗಲಿಲ್ಲ. ಸುಂಡಿಲಿ ಮತ್ತು ಎಳೆಯ ಇಲಿಗಳನ್ನು ಬೆಕ್ಕು ಹಿಡಿಯಬಲ್ಲದು. ಬಲಿತ ಹೆಗ್ಗಣದ ತಂಟೆಗೆ ಅದು ಹೋಗುವುದು ವಿರಳ. ಗೋದಾಮಿನ ರಕ್ಷಣೆಗೆ ಬಾಗಿಲಿನ ಸಂದು ಮುಚ್ಚುವುದು, ಕಿಟಕಿಗೆ ತಂತಿಯ ಜಾಲರಿ ಹಾಕಿಸುವುದು, ಚೀಲಗಳನ್ನು ಗೋಡೆಯಿಂದ ದೂರ ಹಲಗೆಗಳ ಮೇಲೆ ಜೋಡಿಸುವುದು, ಇಲಿಬೋನು ಇಡುವುದು ಇವೇ ಆಧಾರ. ಬೆಕ್ಕು ಮನೆಯ ಸದಸ್ಯನಾಗಿ ಮನೆಯಲ್ಲಿರಲಿ. ಹೀಗಾಗಿ ಖರೀದಿಯ ಮೊದಲ ವಸ್ತು, ಮನೆಗೂ ಗೋದಾಮಿಗೂ ನಡುವೆ ತಾನಾಗಿಯೇ ಮುಚ್ಚಿಕೊಳ್ಳುವ ಜಾಲರಿಯ ಬಾಗಿಲು.

ಮೊದಲು ತೆಗೆದಿಡಬೇಕಾದವು

ಧಾನ್ಯ ಸಂಗ್ರಹದಲ್ಲಿ ಬಳಸುವ ಅಲ್ಯುಮಿನಿಯಂ ಫಾಸ್ಫೈಡ್ ಮಾತ್ರೆ ಗಾಳಿಯ ತೇವ ತಾಗಿದೊಡನೆ ಫಾಸ್ಫೀನ್ ಎಂಬ ಮಾರಕ ಅನಿಲವನ್ನು ಬಿಡುತ್ತದೆ. ಇಲಿ ಪಾಷಾಣವಾದ ಜಿಂಕ್ ಫಾಸ್ಫೈಡ್ ಎಂಬ ಕಪ್ಪು ಪುಡಿ ಹೊಟ್ಟೆಯೊಳಗೆ ಅದೇ ಅನಿಲವನ್ನು ಉಂಟುಮಾಡುತ್ತದೆ. ಈ ಎರಡಕ್ಕೂ ಪ್ರತಿವಿಷವಿಲ್ಲ. ಧೂಮೀಕರಣ ನಡೆಯುತ್ತಿರುವ ಗೋದಾಮಿಗೆ ಹೊಂದಿಕೊಂಡ ಕೋಣೆಯಲ್ಲಿ ಮರಿಯನ್ನಾಗಲಿ ಮನುಷ್ಯರನ್ನಾಗಲಿ ಮಲಗಿಸಬಾರದು.

ಬ್ರೋಮಾಡಿಯೋಲೋನ್ ಬಿಲ್ಲೆಗಳ ಅಪಾಯ ಬೇರೆ ಬಗೆಯದು. ಅದನ್ನು ತಿಂದ ಇಲಿ ಕೂಡಲೇ ಸಾಯದೆ ಕೆಲವು ದಿನ ನಿಧಾನವಾಗಿ ಓಡಾಡುತ್ತಿರುತ್ತದೆ. ಅಂತಹ ಇಲಿ ಬೆಕ್ಕಿಗೆ ಸುಲಭದ ಬೇಟೆ. ಇಲಿಯ ದೇಹದಲ್ಲಿದ್ದ ವಿಷ ಬೆಕ್ಕಿಗೂ ಸೇರಿ ರಕ್ತ ಹೆಪ್ಪುಗಟ್ಟುವ ಶಕ್ತಿ ಕುಂದುತ್ತದೆ. ಒಸಡು ಬಿಳಿಚಿಕೊಳ್ಳುವುದು, ಮೂಗಿನಲ್ಲಿ ರಕ್ತ, ನಿತ್ರಾಣ ಇದರ ಲಕ್ಷಣಗಳು. ಇದಕ್ಕೆ ವಿಟಮಿನ್ ಕೆ1 ಚಿಕಿತ್ಸೆಯಿದೆಯಾದರೂ ಬೇಗನೆ ವೈದ್ಯರನ್ನು ಕಾಣಬೇಕು, ವಿಷದ ಪೊಟ್ಟಣವನ್ನು ಜೊತೆಗೆ ಒಯ್ಯಬೇಕು. ಇಲಿ ಪಾಷಾಣ ಮತ್ತು ಬೆಕ್ಕು ಒಂದೇ ಆವರಣದಲ್ಲಿ ಇರತಕ್ಕವಲ್ಲ. ಮರಿ ತರುವ ನಿರ್ಧಾರವಾದರೆ ಕೆಲವು ವಾರ ಮೊದಲೇ ವಿಷವಿಡುವುದನ್ನು ನಿಲ್ಲಿಸಿ, ಮೂಲೆಗಳಲ್ಲಿ ಉಳಿದ ಬಿಲ್ಲೆಗಳನ್ನೂ ಸತ್ತ ಇಲಿಗಳನ್ನೂ ಹುಡುಕಿ ತೆಗೆಯಬೇಕು.

ವಿಷವೆಂದು ಯಾರೂ ಭಾವಿಸದ ವಸ್ತುಗಳೂ ಇವೆ. ಚೀಲ ಹೊಲಿಯುವ ದಾರ ಮತ್ತು ಸುತಳಿ ಮರಿಗೆ ಆಟದ ಸಾಮಾನಿನಂತೆ ಕಾಣುತ್ತವೆ. ಬೆಕ್ಕಿನ ನಾಲಗೆಯ ಮುಳ್ಳುಗಳು ಹಿಮ್ಮುಖವಾಗಿರುವುದರಿಂದ ಬಾಯಿಗೆ ಹೋದ ದಾರವನ್ನು ಅದು ಉಗುಳಲಾರದೆ ನುಂಗುತ್ತದೆ. ನುಂಗಿದ ದಾರ ಕರುಳನ್ನು ಸೆಳೆದು ಕತ್ತರಿಸಬಲ್ಲದು. ಬಾಯಿಯಿಂದಾಗಲಿ ಹಿಂಬದಿಯಿಂದಾಗಲಿ ದಾರದ ತುದಿ ಹೊರಗೆ ಕಂಡರೆ ಎಳೆಯದೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ದಾರದ ಉಂಡೆ ಮತ್ತು ದಬ್ಬಣಗಳಿಗೆ ಮುಚ್ಚಳವಿರುವ ಡಬ್ಬಿ ಅತ್ಯಗತ್ಯ. ನೆಲ ಒರೆಸುವ ಕಪ್ಪು ಫಿನಾಯಿಲ್ ಅಂಗಾಲಿಗೆ ಅಂಟಿ, ಅದನ್ನು ನೆಕ್ಕಿದ ಬೆಕ್ಕಿಗೆ ವಿಷವಾಗುತ್ತದೆ. ನುಸಿಗುಳಿಗೆ, ನಾಯಿಯ ಉಣ್ಣೆಗೆ ಬಳಸುವ ಪರ್ಮೆಥ್ರಿನ್ ಔಷಧ, ಮನುಷ್ಯರ ಜ್ವರದ ಪ್ಯಾರಾಸಿಟಮಾಲ್ ಮಾತ್ರೆ ಇವು ಸಹ ಬೆಕ್ಕಿಗೆ ಮಾರಕ.

ಆಹಾರ ಮತ್ತು ಪಾತ್ರೆ

ಮರಿಗೆ 8 ವಾರ ತುಂಬುವ ಮೊದಲು ತಾಯಿಯಿಂದ ಅಗಲಿಸಬಾರದು. ಆ ಬಳಿಕ ತಂದ ಮರಿಗೆ ಹಾಲು ಮುಖ್ಯ ಆಹಾರವಲ್ಲ. ಹಾಲು ಬಿಟ್ಟ ಬೆಕ್ಕುಗಳಲ್ಲಿ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಇಳಿಯುತ್ತ ಹೋಗುವುದರಿಂದ ಹಸುವಿನ ಹಾಲು ಭೇದಿಗೆ ಕಾರಣವಾಗಬಹುದು.

ಸಸ್ಯಾಹಾರಿ ವರ್ತಕ ಕುಟುಂಬಗಳು ಮನಗಾಣಬೇಕಾದ ಅಂಶವೊಂದಿದೆ. ಬೆಕ್ಕು ಹುಟ್ಟು ಮಾಂಸಾಹಾರಿ. ಅದಕ್ಕೆ ಬೇಕಾದ ಟಾರಿನ್ ಎಂಬ ಪೋಷಕಾಂಶ ಮಾಂಸ ಮತ್ತು ಮೀನುಗಳಲ್ಲಿ ದೊರೆಯುತ್ತದೆ, ಅನ್ನದಲ್ಲಿಲ್ಲ. ಟಾರಿನ್ ಕೊರತೆಯಿಂದ ಬೆಕ್ಕಿನ ಹೃದಯದ ಸ್ನಾಯು ದುರ್ಬಲವಾಗುತ್ತದೆಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ವಿಜ್ಞಾನಿಗಳು 1987ರಲ್ಲಿ ಪ್ರಕಟಿಸಿದರು. ಅದರ ಪರಿಣಾಮವಾಗಿ ಆಹಾರ ತಯಾರಕರು ತಮ್ಮ ಮಿಶ್ರಣದಲ್ಲಿ ಟಾರಿನ್ ಪ್ರಮಾಣವನ್ನು ಹೆಚ್ಚಿಸಿದರು. ಮೊಸರನ್ನದ ಮೇಲೆಯೇ ಬೆಕ್ಕನ್ನು ಸಾಕುವೆವು ಎಂಬ ಮನೆಯವರು ಅದರ ಆರೋಗ್ಯದೊಡನೆ ಚೌಕಾಶಿ ಮಾಡಿದಂತೆ. ಮನೆಯಲ್ಲಿ ಮಾಂಸ ಬೇಯಿಸದವರಿಗೆ ಪ್ಯಾಕೆಟ್ಟಿನ ಒಣ ಆಹಾರವೇ ಅನುಕೂಲ. ಅದಕ್ಕೂ ಮನಸ್ಸು ಒಪ್ಪದಿದ್ದರೆ ಬೆಕ್ಕನ್ನು ತರದಿರುವುದೇ ಲೇಸು.

ಪ್ಯಾಕೆಟ್ ಕೊಳ್ಳುವಾಗ ಮರಿಗಳಿಗಾಗಿಯೇ ತಯಾರಿಸಿದ ಸಂಪೂರ್ಣ ಆಹಾರವೇ ಎಂಬುದನ್ನೂ ತಯಾರಾದ ತಿಂಗಳು, ಬಳಕೆಯ ಅವಧಿಗಳನ್ನೂ ನೋಡಬೇಕು. ದೊಡ್ಡ ಚೀಲ ಅಗ್ಗವೆಂದು ಕಂಡರೂ ಒಮ್ಮೆ ತೆರೆದ ಚೀಲದ ಕೊಬ್ಬಿನಂಶ ಬಿಸಿಲುಕಾಲದಲ್ಲಿ ಬೇಗ ಕಮಟುತ್ತದೆ. ಚಿಕ್ಕ ಚೀಲ ಮತ್ತು ಬಿಗಿಯಾದ ಡಬ್ಬಿಯೇ ಲಾಭಕರ. ಮೊದಲ ವಾರ ಮರಿ ಹಿಂದೆ ತಿನ್ನುತ್ತಿದ್ದ ಆಹಾರವನ್ನೇ ಮುಂದುವರಿಸಿ, ಹೊಸದನ್ನು ಸ್ವಲ್ಪಸ್ವಲ್ಪವಾಗಿ ಬೆರೆಸಬೇಕು. ದಿನಕ್ಕೆ 3–4 ಸಲ ಕೊಂಚಕೊಂಚ ನೀಡಬೇಕು. ಬೇಯಿಸಿದ ಮೊಟ್ಟೆ, ಉಪ್ಪು ಖಾರವಿಲ್ಲದ ಕೋಳಿಮಾಂಸ ಇವನ್ನು ಜೊತೆಗೆ ಕೊಡಬಹುದು. ಈರುಳ್ಳಿ, ಬೆಳ್ಳುಳ್ಳಿ ಬೆರೆತ ಸಾರು ಬೆಕ್ಕಿನ ಕೆಂಪು ರಕ್ತಕಣಗಳನ್ನು ಕೆಡಿಸುತ್ತದೆ.

ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿಯ ಸೇತುವೆ ಮುಳುಗಿ ಗಂಗಾವತಿಯ ಸಂಚಾರ ನಿಲ್ಲುವುದು ಎಲ್ಲರಿಗೂ ತಿಳಿದ ಸಂಗತಿ. ಆ ಕಡೆಯಿಂದ ಆಹಾರ ತರಿಸುವವರು ಮಳೆಗಾಲದಲ್ಲಿ ಎರಡು ವಾರದ ದಾಸ್ತಾನು ಇಟ್ಟುಕೊಳ್ಳುವುದು ಒಳಿತು. ಪಾತ್ರೆಗಳಿಗೆ ಅಗಲವಾದ, ಆಳವಿಲ್ಲದ ಸ್ಟೀಲ್ ಅಥವಾ ಪಿಂಗಾಣಿ ತಟ್ಟೆಗಳು ಸಾಕು. ನೀರಿನ ತಟ್ಟೆಯನ್ನು ಆಹಾರದಿಂದ ಸ್ವಲ್ಪ ದೂರದಲ್ಲಿಡಬೇಕು.

ಮಲವಿಸರ್ಜನೆಯ ತಟ್ಟೆ

ಮರಿಗೆ ಸುಲಭವಾಗಿ ಹತ್ತಲಾಗುವಂತೆ ಒಂದು ಬದಿ ತಗ್ಗಾಗಿರುವ ಅಗಲವಾದ ಪ್ಲಾಸ್ಟಿಕ್ ತಟ್ಟೆ ಬೇಕು. ಬೆಕ್ಕುಗಳ ಸಂಖ್ಯೆಗಿಂತ ಒಂದು ತಟ್ಟೆ ಹೆಚ್ಚಿರಲಿ ಎಂಬುದು ಪಶುವೈದ್ಯರ ಸಾಮಾನ್ಯ ಸಲಹೆ. ಎರಡು ಮರಿಗಳಿಗೆ 3 ತಟ್ಟೆ. ಊಟದ ಸ್ಥಳದಿಂದ ದೂರ, ಯಂತ್ರದ ಸದ್ದಿಲ್ಲದ ಮೂಲೆಯಲ್ಲಿ ಅವುಗಳನ್ನಿಡಬೇಕು.

ತಟ್ಟೆಗೆ ಏನು ತುಂಬಬೇಕೆಂಬುದು ಗಿರಣಿಯವರ ಸಹಜ ಪ್ರಶ್ನೆ. ಭತ್ತದ ತೂಕದಲ್ಲಿ ಸುಮಾರು ಶೇ. 20ರಷ್ಟು ಹೊಟ್ಟೇ ಇರುವುದರಿಂದ ಅದನ್ನೇ ಬಳಸುವ ಯೋಚನೆ ಬರುವುದುಂಟು. ಆದರೆ ಹಗುರವಾದ ಹೊಟ್ಟು ನೀರನ್ನು ಚೆನ್ನಾಗಿ ಹೀರುವುದಿಲ್ಲ, ಮನೆಯೆಲ್ಲ ಹರಡುತ್ತದೆ. ಬಾಯ್ಲರಿನ ಹೊಟ್ಟಿನ ಬೂದಿಯನ್ನಂತೂ ಬಳಸಲೇಬಾರದು. ಅದರ ಸಿಲಿಕಾ ಧೂಳು ಬೆಕ್ಕಿನ ಶ್ವಾಸಕೋಶಕ್ಕೂ ಮನೆಯವರ ಶ್ವಾಸಕೋಶಕ್ಕೂ ಕೆಡುಕು. ಶುದ್ಧವಾದ ಒಣ ಮರಳು ಅಥವಾ ಧೂಳಿಲ್ಲದ ಮರದ ಹೊಟ್ಟು ಮೇಲು. ಅಂಗಡಿಯಲ್ಲಿ ದೊರೆಯುವ, ಒದ್ದೆಯಾದಾಗ ಗಟ್ಟಿಯಾಗುವ ಬೆಂಟೊನೈಟ್ ಮಣ್ಣು ಬೆಳೆದ ಬೆಕ್ಕಿಗೆ ಸೂಕ್ತ. ಎಳೆಯ ಮರಿಗಳು ಅದನ್ನು ತಿನ್ನುವ ಸಂಭವವಿರುವುದರಿಂದ ಮೊದಲ ಕೆಲವು ತಿಂಗಳು ಗಟ್ಟಿಯಾಗದ ಮಣ್ಣನ್ನೇ ಆರಿಸಬೇಕು.

ಹಾಸಿಗೆ, ಕಂಬ, ಬುಟ್ಟಿ

ದುಬಾರಿ ಹಾಸಿಗೆ ಬೇಕಿಲ್ಲ. ರಟ್ಟಿನ ಪೆಟ್ಟಿಗೆ ಮತ್ತು ಒಗೆದ ಹತ್ತಿಯ ಬಟ್ಟೆ ಸಾಕು. ಉಗುರು ಉಜ್ಜುವುದು ಬೆಕ್ಕಿನ ಸ್ವಭಾವವಾದ್ದರಿಂದ ಅದಕ್ಕೊಂದು ಕಂಬ ಅವಶ್ಯ. ಇಲ್ಲವಾದರೆ ಗಾದಿ, ಸೋಫಾಗಳು ಹಾಳಾಗುತ್ತವೆ. ಅಲುಗಾಡದ ಹಲಗೆಗೆ ಸುಮಾರು 3 ಅಡಿಯ ಮರದ ತುಂಡನ್ನು ನಿಲ್ಲಿಸಿ ತೆಂಗಿನ ನಾರಿನ ಹಗ್ಗವನ್ನೋ ಗೋಣಿಯನ್ನೋ ಬಿಗಿಯಾಗಿ ಸುತ್ತಿದರಾಯಿತು. ಹಗ್ಗದ ತುದಿ ಬಿಚ್ಚಿಕೊಳ್ಳದಂತಿರಬೇಕು. ವೈದ್ಯರಲ್ಲಿಗೆ ಒಯ್ಯಲು ಗಾಳಿಯಾಡುವ, ಭದ್ರವಾದ ಮುಚ್ಚಳವಿರುವ ಬುಟ್ಟಿ ಬೇಕು. ಮೇದಾರರು ಹೆಣೆಯುವ ಬಿದಿರಿನ ಮುಚ್ಚಳದ ಬುಟ್ಟಿ ಈ ಕೆಲಸಕ್ಕೆ ಒದಗುತ್ತದೆ.

ಸಾಮಗ್ರಿಗಳ ಜೊತೆಗೆ ವೈದ್ಯಕೀಯ ವೆಚ್ಚವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಜಂತುಹುಳುವಿನ ಔಷಧ, ಬೆಕ್ಕಿನ ಸಾಂಕ್ರಾಮಿಕ ರೋಗಗಳ ಲಸಿಕೆ, 3 ತಿಂಗಳು ತುಂಬಿದ ಮೇಲೆ ರೇಬೀಸ್ ಲಸಿಕೆ ಇವು ಬಿಡುವಂತಿಲ್ಲ. ಹೆಣ್ಣು ಬೆಕ್ಕು 4–5 ತಿಂಗಳಿಗೇ ಗರ್ಭ ಧರಿಸಬಲ್ಲದು. ಗರ್ಭಾವಧಿ ಸುಮಾರು 9 ವಾರ. ಸಕಾಲದಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸದಿದ್ದರೆ ಒಂದು ವರ್ಷದೊಳಗೆ ಸಾಮಗ್ರಿಯ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ಸಣ್ಣ ಉದ್ದಿಮೆಗೆ ಅವಕಾಶ

ಬೆಕ್ಕಿನ ಸಾಮಗ್ರಿಯ ವ್ಯಾಪಾರ ಹುಟ್ಟಿದ ಬಗೆಯೂ ಸಣ್ಣ ಉದ್ದಿಮೆದಾರರಿಗೆ ಪಾಠವಾಗಬಲ್ಲದು. 1947ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಕಾಸೊಪೊಲಿಸ್ ಎಂಬ ಸಣ್ಣ ಊರಿನಲ್ಲಿ ಎಡ್ ಲೋ ಎಂಬಾತ ತಂದೆಯೊಡನೆ ಕಾರ್ಖಾನೆಗಳಿಗೆ ಎಣ್ಣೆ ಹೀರುವ ಮಣ್ಣು, ಮರದ ಹೊಟ್ಟು ಮಾರುತ್ತಿದ್ದನು. ನೆರೆಯಾಕೆ ಬೆಕ್ಕಿನ ತಟ್ಟೆಗೆ ಮರಳು ಕೇಳಿದಾಗ, ಭಾರತದಲ್ಲಿ ಮುಲ್ತಾನಿ ಮಿಟ್ಟಿ ಎನ್ನುವ ಜಾತಿಯ ಜೇಡಿಮಣ್ಣನ್ನು ಕೊಟ್ಟನು. ಅದು ಮೆಚ್ಚಿಗೆಯಾಗಲು 5 ಪೌಂಡಿನ ಚೀಲಗಳಲ್ಲಿ ತುಂಬಿ 65 ಸೆಂಟಿಗೆ ಮಾರಾಟಕ್ಕಿಟ್ಟನು. ಮರಳೇ ಅಗ್ಗವಾಗಿರುವಾಗ ಇದನ್ನಾರು ಕೊಳ್ಳುವರೆಂದು ಅಂಗಡಿಯವನು ಸಂಶಯಪಟ್ಟನು. ಮೊದಲು ಪುಕ್ಕಟೆ ಹಂಚಲಾಯಿತು. ಮುಂದೆ ಗ್ರಾಹಕರು ಹಣ ಕೊಟ್ಟು ಕೇಳತೊಡಗಿದರು. ಮಾಲು ಮೊದಲಿನದೇ, ಉಪಯೋಗ ಹೊಸದು.

ಕಂಪ್ಲಿ, ಹೊಸಪೇಟೆಗಳ ಪೇಟೆಯಲ್ಲಿ ಗೋಣಿ, ನಾರಿನ ಹಗ್ಗ, ಬಿದಿರು, ಮರದ ತುಂಡುಗಳಿಗೆ ಕೊರತೆಯಿಲ್ಲ. ಉಗುರುಜ್ಜುವ ಕಂಬ, ಮುಚ್ಚಳದ ಬುಟ್ಟಿಗಳನ್ನು ಬಡಗಿಗಳು ಮತ್ತು ಬುಟ್ಟಿ ಹೆಣೆಯುವವರು ಅಲ್ಪ ಬಂಡವಾಳದಲ್ಲಿ ತಯಾರಿಸಬಹುದು. ಭತ್ತದ ಹೊಟ್ಟನ್ನು ಹಾಗೆಯೇ ಚೀಲಕ್ಕೆ ತುಂಬಿ ಮಾರಿದರೆ ನಡೆಯದು. ಪುಡಿ ಮಾಡಿ, ಒತ್ತಿ ಗುಳಿಗೆಯಾಗಿಸಿ ಹೀರುವ ಗುಣ ಬರುವುದೇ ಎಂಬುದನ್ನು ಪರೀಕ್ಷಿಸಿದ ಮೇಲಷ್ಟೇ ಬಂಡವಾಳ ಹೂಡಬೇಕು. ಪ್ಯಾಕೆಟ್ ಮಾಡಿ ಮಾರುವವರು 2011ರ ಕಾನೂನು ಮಾಪನ ನಿಯಮಗಳಂತೆ ತಯಾರಕರ ಹೆಸರು, ನಿವ್ವಳ ತೂಕ, ತಯಾರಾದ ತಿಂಗಳು, ಗರಿಷ್ಠ ಮಾರಾಟ ಬೆಲೆಗಳನ್ನು ಮುದ್ರಿಸಬೇಕು. ಕಿರಾಣಿ ವರ್ತಕರು ಬೆಕ್ಕಿನ ಆಹಾರವನ್ನು ಮಾರಾಟಕ್ಕಿಡುವುದಾದರೆ ಇಲಿ ಪಾಷಾಣ ಮತ್ತು ಕ್ರಿಮಿನಾಶಕಗಳ ಕಪಾಟಿನಿಂದ ಅದನ್ನು ಬೇರೆಯೇ ಇಡಬೇಕು.

ಮರಿ ತರುವ ಹಿಂದಿನ ದಿನ ಮನೆಯ ಹಿರಿಯರೊಬ್ಬರು ಆವರಣವನ್ನೆಲ್ಲ ಒಮ್ಮೆ ಸುತ್ತಿ ಬರಲಿ. ನೆಲದಿಂದ ಒಂದು ಗೇಣು ಎತ್ತರದಲ್ಲಿ ಏನೇನಿದೆ, ಯಾವ ಸಂದಿನಲ್ಲಿ ಮರಿ ನುಸುಳಬಹುದು, ಯಾವ ಡಬ್ಬಿಗೆ ಮುಚ್ಚಳವಿಲ್ಲ ಎಂಬುದನ್ನು ಬರೆದಿಟ್ಟುಕೊಳ್ಳಲಿ. ಆ ಪಟ್ಟಿಯ ಒಂದೊಂದು ಬಾಬೂ ಇತ್ಯರ್ಥವಾದ ಮೇಲೆ ಪೇಟೆಗೆ ಹೋಗಿ ತಟ್ಟೆ, ಬುಟ್ಟಿಗಳನ್ನು ಕೊಂಡರೆ ಸಾಕು. ಆ ಖರೀದಿಗೆ ಅರ್ಧ ದಿನವೂ ಹಿಡಿಯದು.