ಕಿವಿ ಕೇಳದ ಮಗುವಿಗೆ ಆಪರೇಷನ್: ಅರಿವಳಿಕೆಗೆ ಮೊದಲು ಹೃದಯ ನೋಡಿಸಿ

ಹುಟ್ಟಿನಿಂದ ಕಿವಿ ಕೇಳದ ಮಕ್ಕಳಿಗೆ ಈಗ ಕಾಕ್ಲಿಯರ್ ಇಂಪ್ಲಾಂಟ್ ಆಪರೇಷನ್ ಮಾಡಲಾಗುತ್ತದೆ. ಜನವಾಡ, ಭಾಲ್ಕಿ, ಔರಾದ್ ಕಡೆಯ ತಂದೆ-ತಾಯಂದಿರು ಇದಕ್ಕಾಗಿ ಹೈದರಾಬಾದಿಗೋ ಬೆಂಗಳೂರಿಗೋ ಹೊರಡುವ ಮುನ್ನ ಒಂದು ವಿಷಯ ತಿಳಿದಿರಬೇಕು. ಅಪರೂಪಕ್ಕೆ ಕೆಲವು ಮಕ್ಕಳಲ್ಲಿ ಕಿವುಡುತನದ ಜೊತೆಗೇ ಹೃದಯದ ತೊಂದರೆಯೂ ಅಡಗಿರುತ್ತದೆ.

1957ರಲ್ಲಿ ನಾರ್ವೆಯ ವೈದ್ಯರಾದ ಜರ್ವೆಲ್ ಮತ್ತು ಲಾಂಗೆ-ನೀಲ್ಸನ್ ಒಂದು ಕುಟುಂಬದ ವಿವರ ಪ್ರಕಟಿಸಿದರು. ಆರು ಮಕ್ಕಳಲ್ಲಿ ನಾಲ್ವರಿಗೆ ಹುಟ್ಟು ಕಿವುಡು. ಆ ನಾಲ್ವರೂ ಆಗಾಗ ಮೂರ್ಛೆ ಹೋಗುತ್ತಿದ್ದರು. ಮೂವರು ಬಾಲ್ಯದಲ್ಲೇ ಹಠಾತ್ತನೆ ತೀರಿಕೊಂಡರು. ಈ ಕಾಯಿಲೆಗೆ ಆ ಇಬ್ಬರು ವೈದ್ಯರ ಹೆಸರನ್ನೇ ಇಡಲಾಗಿದೆ.

ಒಳಕಿವಿಗೂ ಹೃದಯಕ್ಕೂ ಪೊಟ್ಯಾಸಿಯಂ ಲವಣ ಸಾಗಿಸುವ ಒಂದೇ ಬಗೆಯ ಸೂಕ್ಷ್ಮ ದ್ವಾರಗಳಿವೆ. ಅವು ಕೆಟ್ಟಿದ್ದರೆ ಕಿವಿ ಕೇಳುವುದಿಲ್ಲ. ಹೃದಯವೂ ಒಂದು ಬಡಿತದಿಂದ ಮುಂದಿನ ಬಡಿತಕ್ಕೆ ಸಜ್ಜಾಗಲು ಹೆಚ್ಚು ಸಮಯ ತೆಗೆದುಕೊಳ್ಳುತ್ತದೆ. ಭಯ, ಓಟ ಅಥವಾ ಜೋರು ಅಳುವಿನ ಹೊತ್ತಿಗೆ ಬಡಿತ ದಿಕ್ಕು ತಪ್ಪಿ ಮಗು ಕುಸಿಯಬಹುದು. ಮನೆಯವರು ಇದನ್ನು ಫಿಟ್ಸ್ ಎಂದೋ ದೃಷ್ಟಿ ತಾಗಿದೆ ಎಂದೋ ಭಾವಿಸುವುದುಂಟು.

ಆಪರೇಷನ್ ದಿನ ಅಪಾಯ ಹೆಚ್ಚುತ್ತದೆ. ಅಪರಿಚಿತ ಕೋಣೆಯಲ್ಲಿ ಏನೂ ಕೇಳಿಸದ ಮಗು ಬೆದರುತ್ತದೆ. ಕೆಲವು ಅರಿವಳಿಕೆ ಔಷಧಗಳು, ವಾಂತಿ ತಡೆಯುವ ಕೆಲವು ಇಂಜೆಕ್ಷನ್‌ಗಳು ಹೃದಯದ ಈ ವಿಳಂಬವನ್ನು ಇನ್ನಷ್ಟು ಹೆಚ್ಚಿಸುತ್ತವೆ. ಕಾಯಿಲೆ ಮೊದಲೇ ಗೊತ್ತಿದ್ದರೆ ಅರಿವಳಿಕೆ ತಜ್ಞರು ಬೇರೆ ಔಷಧ ಆರಿಸಿ, ಅಗತ್ಯ ಸಲಕರಣೆ ಸಿದ್ಧವಿಟ್ಟುಕೊಳ್ಳುತ್ತಾರೆ.

ಹೆತ್ತವರು ಮಾಡಬೇಕಾದದ್ದು ಇಷ್ಟು. ಮೊದಲು ಇಸಿಜಿ ಮಾಡಿಸಿ. ಬೀದರ್‌ನ ಬ್ರಿಮ್ಸ್ ಆಸ್ಪತ್ರೆಯಂಥ ಕಡೆ ಕೆಲವೇ ನಿಮಿಷಗಳ, ನೋವಿಲ್ಲದ ಪರೀಕ್ಷೆಯಿದು. "ಹುಟ್ಟು ಕಿವುಡಿನ ಮಗು, ಕ್ಯೂಟಿ ಅಂತರ ಅಳೆದು ನೋಡಿ" ಎಂದು ವೈದ್ಯರನ್ನು ಕೇಳಿ. ಮಗು ಎಂದಾದರೂ ಮೂರ್ಛೆ ಹೋಗಿದ್ದರೆ, ಕುಟುಂಬದಲ್ಲಿ ಚಿಕ್ಕವರು ಯಾರಾದರೂ ಹಠಾತ್ತನೆ ತೀರಿಕೊಂಡಿದ್ದರೆ, ಇಸಿಜಿ ಸರಿಯಿದ್ದರೂ ಮುಚ್ಚಿಡದೆ ಹೇಳಿ. ಹೃದಯದ ಮಾತ್ರೆ ಈಗಾಗಲೇ ನಡೆಯುತ್ತಿದ್ದರೆ, ವೈದ್ಯರನ್ನು ಕೇಳದೆ ಆ ಬೆಳಿಗ್ಗೆ ನಿಲ್ಲಿಸಬೇಡಿ. ನಿದ್ದೆ ಬರುವವರೆಗೂ ತಾಯಿಯೋ ತಂದೆಯೋ ಮಗುವಿನ ಕಣ್ಣೆದುರು ಇರಲು ಅನುಮತಿ ಕೇಳಿ.

ಇದರಲ್ಲಿ ತಾಯಿಯ ತಪ್ಪೇನೂ ಇಲ್ಲ. ದೋಷವುಳ್ಳ ಜೀನ್ ತಂದೆ-ತಾಯಿ ಇಬ್ಬರಿಂದಲೂ ಬಂದಾಗ ಮಾತ್ರ ಈ ಕಾಯಿಲೆ ಕಾಣಿಸುತ್ತದೆ. ಪ್ರತಿ ಗರ್ಭದಲ್ಲೂ ಅದರ ಸಾಧ್ಯತೆ ನಾಲ್ಕರಲ್ಲಿ ಒಂದು. ಹತ್ತಿರದ ಸಂಬಂಧಿಗಳ ಮದುವೆಯಲ್ಲಿ ಇಬ್ಬರಲ್ಲೂ ಒಂದೇ ಜೀನ್ ಇರುವ ಸಂಭವ ಹೆಚ್ಚು. ಆದ್ದರಿಂದ ಒಂದು ಮಗುವಿನಲ್ಲಿ ಕಾಯಿಲೆ ಪತ್ತೆಯಾದರೆ, ಕಿವಿ ಚೆನ್ನಾಗಿ ಕೇಳುವ ಅಣ್ಣ-ತಂಗಿಯರಿಗೂ ಇಸಿಜಿ ಮಾಡಿಸಿ.

ಹೆಚ್ಚಿನ ಕಿವುಡು ಮಕ್ಕಳಿಗೆ ಈ ಕಾಯಿಲೆ ಇರುವುದಿಲ್ಲ. ಹೆದರಿ ಆಪರೇಷನ್ ಕೈಬಿಡಬೇಡಿ. ದುಆ ಮಾಡಿ, ಇಸಿಜಿ ಕಾಗದವನ್ನು ಫೈಲಿನಲ್ಲಿಟ್ಟುಕೊಂಡು ಹೊರಡಿ.